ಇಸ್ರೋ ಉಪಗ್ರಹಗಳಲ್ಲಿ ಎಷ್ಟು ಬಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಾಕೆಟ್ ಹಾರುವುದನ್ನು ಎಲ್ಲರೂ ಟಿವಿಯಲ್ಲಿ ನೋಡುತ್ತೇವೆ. ಬೆಂಕಿ, ಹೊಗೆ, ಕೊನೆಗೆ ಚಪ್ಪಾಳೆ. ರಾಕೆಟ್ಟಿನ ತಲೆಯಲ್ಲಿ ಕೂತು ಹೋದ ಉಪಗ್ರಹದ ಬಗ್ಗೆ ಮಾತ್ರ ಎರಡು ಸಾಲು ಸುದ್ದಿ ಬಂದರೆ ಹೆಚ್ಚು. ಜಾತ್ರೆಗೆ ಹೋಗಿ ತೇರು ನೋಡಿ, ಒಳಗಿದ್ದ ದೇವರನ್ನು ನೋಡದೆ ಬಂದ ಹಾಗೆ. ಆ ದೇವರ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಒಂದೇ ಮಾತು.

ಉಪಗ್ರಹಗಳನ್ನು ಮೊದಲೇ ಮಾಡಿ ಇಟ್ಟಿರುತ್ತಾರಾ? ಬೇಕಾದವರು ಬಂದು ಕೊಳ್ಳಬಹುದಾ?

ಇಲ್ಲ. ಕಾರ್ ಶೋರೂಮಿನ ಹಾಗೆ ಸಾಲಾಗಿ ನಿಲ್ಲಿಸಿರುವುದಿಲ್ಲ. ಹಾಗಂತ ಪ್ರತಿ ಸಲ ಸೊನ್ನೆಯಿಂದಲೂ ಶುರು ಮಾಡುವುದಿಲ್ಲ. ಉಪಗ್ರಹದ ಅರ್ಧ ಭಾಗ ಹೆಚ್ಚುಕಮ್ಮಿ ಗೊತ್ತಿರುವ ಅಳತೆಯದ್ದು. ಉಳಿದ ಅರ್ಧ ಗಿರಾಕಿಯ ಕೆಲಸಕ್ಕೆ ತಕ್ಕಂತೆ ಹೊಸದು. ಆ ಗೊತ್ತಿರುವ ಅರ್ಧಕ್ಕೇ 'ಬಸ್' ಅನ್ನುತ್ತಾರೆ.

ಬಸ್ ಅಂದರೆ ನಾವು ಹತ್ತುವ ಬಸ್ಸೇನಾ?

ನಗಬೇಡಿ, ಹಾಗೆ ಅಂದುಕೊಂಡರೂ ತಪ್ಪಿಲ್ಲ. ಬಸ್ಸಿಗೆ ಇಂಜಿನ್, ಚಕ್ರ, ಬ್ಯಾಟರಿ, ಸೀಟು ಇರುತ್ತವೆ. ಅದು ಯಾರನ್ನು ಕೂರಿಸಿಕೊಂಡು ಹೋಗುತ್ತದೆ ಅನ್ನುವುದು ಬೇರೆ ಮಾತು. ಬೆಳಿಗ್ಗೆ ಶಾಲೆ ಮಕ್ಕಳು, ಸಂಜೆ ಮದುವೆ ದಿಬ್ಬಣ.

ಉಪಗ್ರಹದ ಬಸ್ಸಿನಲ್ಲಿ ಚೌಕಟ್ಟು, ಸೌರ ಫಲಕ, ಬ್ಯಾಟರಿ, ಇಂಧನದ ಟ್ಯಾಂಕು, ಸಣ್ಣ ಇಂಜಿನ್ನುಗಳು ಮತ್ತು ಕಂಪ್ಯೂಟರ್ ಇರುತ್ತವೆ. ನಕ್ಷತ್ರ ನೋಡಿ ತಾನು ಯಾವ ಕಡೆ ಮುಖ ಮಾಡಿದ್ದೇನೆ ಎಂದು ತಿಳಿಯುವ ಸೆನ್ಸರುಗಳಿರುತ್ತವೆ. ತಿರುಗಿ ತಿರುಗಿ ಮೈಯನ್ನು ಅಲ್ಲಾಡದಂತೆ ಹಿಡಿಯುವ ಚಕ್ರಗಳೂ ಇರುತ್ತವೆ. ಹೌದು, ನಿಜವಾದ ಚಕ್ರಗಳೇ. ಆದರೆ ಅವು ನೆಲದ ಮೇಲೆ ಓಡುವುದಿಲ್ಲ, ಇದ್ದಲ್ಲೇ ತಿರುಗುತ್ತವೆ. ಬಸ್ಸಿನ ಪ್ರಯಾಣಿಕರಿಗೆ 'ಪೇಲೋಡ್' ಎಂದು ಹೆಸರು. ಕ್ಯಾಮೆರಾ, ರೇಡಾರ್, ಟಿವಿ ಸಿಗ್ನಲ್ ಹಿಡಿದು ವಾಪಸ್ ಕಳಿಸುವ ಟ್ರಾನ್ಸ್‌ಪಾಂಡರ್, ಪರಮಾಣು ಗಡಿಯಾರ, ಹೀಗೆ.

ಈ ಒಂದು ವಿಷಯ ತಲೆಗೆ ಹೋದರೆ ಮುಂದಿನ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಬಗೆಹರಿಯುತ್ತವೆ. ನೌಕಾಪಡೆಗೆ ಹೋದದ್ದೂ, ಡಿಟಿಎಚ್ ಕಂಪನಿಗೆ ಹೋದದ್ದೂ, ಮಂಗಳ ಗ್ರಹಕ್ಕೆ ಹೋದದ್ದೂ ಹೆಚ್ಚುಕಮ್ಮಿ ಒಂದೇ ಮನೆತನದ ಬಸ್ಸುಗಳು.

ಐ-1ಕೆ, ಐ-2ಕೆ, ಐ-3ಕೆ, ಐ-6ಕೆ ಅಂತ ಬರೆದಿರುತ್ತಾರಲ್ಲ, ಏನದು?

ಬಸ್ಸಿನ ಗಾತ್ರ. 'ಕೆ' ಅಂದರೆ ಸಾವಿರ. ಒಂದು ಟನ್ ಆಸುಪಾಸಿನದು, ಎರಡು ಟನ್ ಆಸುಪಾಸಿನದು, ಹೀಗೆ ಲೆಕ್ಕ. ತಕ್ಕಡಿಯಲ್ಲಿ ಇಟ್ಟು ತೂಗಿದ ಹಾಗೆ ಸರಿಯಾಗಿ ಅಷ್ಟೇ ಇರುತ್ತದೆ ಅಂತಲ್ಲ. ಅದೊಂದು ದರ್ಜೆ, ಅಷ್ಟೇ.

ಐ-1ಕೆಯಲ್ಲಿ ಮೊದಲು ನೆನಪಾಗುವುದು ಹವಾಮಾನದ ಕಲ್ಪನಾ-1. 2002ರ ಸೆಪ್ಟೆಂಬರಿನಲ್ಲಿ ಮೇಲೇರಿತು, ತೂಕ 1060 ಕೆಜಿ. ಹೋಗುವಾಗ ಅದರ ಹೆಸರು ಮೆಟ್‌ಸ್ಯಾಟ್-1. ಮರುವರ್ಷ ಕೊಲಂಬಿಯಾ ದುರಂತದಲ್ಲಿ ಕಲ್ಪನಾ ಚಾವ್ಲಾ ತೀರಿಕೊಂಡ ಮೇಲೆ ಅವರ ಹೆಸರಿಟ್ಟರು. ದಾರಿ ತೋರಿಸುವ ನಾವಿಕ್ ವ್ಯವಸ್ಥೆಯ ಮೊದಲ ಸಾಲಿನ ಉಪಗ್ರಹಗಳೂ ಇದೇ ಬಸ್ಸಿನವು. ಒಂದೊಂದೂ 1425 ಕೆಜಿ. ಮಂಗಳಯಾನವೂ ಇದನ್ನೇ ತಿದ್ದಿ ತೀಡಿ ಮಾಡಿದ್ದು.

ಐ-2ಕೆ ಮನೆಯ ದುಡಿಯುವ ಮಗ. ಪಾಠ ಹೇಳಲೆಂದೇ 2004ರಲ್ಲಿ ಹೋದ ಎಜುಸ್ಯಾಟ್, ನೆರೆಯ ದೇಶಗಳಿಗಾಗಿ 2017ರ ಮೇ 5ರಂದು ಹೋದ ದಕ್ಷಿಣ ಏಷ್ಯಾ ಉಪಗ್ರಹ ಅಂದರೆ ಜಿಸ್ಯಾಟ್-9, ವಾಯುಪಡೆಯ ಜಿಸ್ಯಾಟ್-7ಎ, ಮೋಡ ನೋಡುವ ಇನ್ಸ್ಯಾಟ್-3ಡಿಎಸ್, ಎಲ್ಲ ಇದರ ಮೇಲೇ ಕೂತವು.

ಐ-3ಕೆ ಡಿಟಿಎಚ್ ಕಾಲದ ಬಸ್ಸು. 2005ರ ಡಿಸೆಂಬರಿನಲ್ಲಿ ಹೋದ ಇನ್ಸ್ಯಾಟ್-4ಎ 3081 ಕೆಜಿ ತೂಗುತ್ತಿತ್ತು. ಆಮೇಲೆ ಜಿಸ್ಯಾಟ್-8, 10, 15, 17, 18, 30 ಅಂತ ಸಾಲು ಸಾಲು ಬಂದವು. ಕೊನೆಯದು ಐ-6ಕೆ. 2018ರ ಜಿಸ್ಯಾಟ್-11 ಇದರ ಮೇಲೆ ಕಟ್ಟಿದ್ದು, 5854 ಕೆಜಿ. ಇಸ್ರೋ ಇಲ್ಲಿಯವರೆಗೆ ಮಾಡಿದ ಸಂವಹನ ಉಪಗ್ರಹಗಳಲ್ಲಿ ಎಲ್ಲಕ್ಕಿಂತ ಭಾರ ಇದೇ.

ಈ ಗಾತ್ರಗಳೇ ಯಾಕೆ? ಒಂದೂವರೆ, ಎರಡೂವರೆ ಅಂತ ಯಾಕಿಲ್ಲ?

ರಾಕೆಟ್ ನೋಡಿ, ಉತ್ತರ ಅಲ್ಲಿದೆ. ಟಿವಿ ಉಪಗ್ರಹಗಳು ಇರುವ ಎತ್ತರದ ಕಕ್ಷೆಯ ಕಡೆಗೆ ಪಿಎಸ್‌ಎಲ್‌ವಿ ಎತ್ತುವುದು ಒಂದೂವರೆ ಟನ್ನಿಗಿಂತ ಸ್ವಲ್ಪ ಕಡಿಮೆ. ಐ-1ಕೆ ಅದಕ್ಕೆ ಸರಿಹೋಗುತ್ತದೆ. ಜಿಎಸ್‌ಎಲ್‌ವಿ ಎರಡು ಟನ್ನಿಗಿಂತ ಸ್ವಲ್ಪ ಜಾಸ್ತಿ, ಅದಕ್ಕೆ ಐ-2ಕೆ. ಎಲ್‌ವಿಎಂ-3 ನಾಲ್ಕು ಟನ್ ದರ್ಜೆಯದು, ಐ-3ಕೆ ಅದರ ತಲೆಯಲ್ಲಿ ಕೂರುತ್ತದೆ. ಎತ್ತಿನ ಕಸುವು ನೋಡಿ ಗಾಡಿಗೆ ಹೇರಿದ ಹಾಗೆ.

ಆದರೆ ಬಸ್ಸೇ ಮೊದಲು ಬಂತು, ನಮ್ಮ ರಾಕೆಟ್ ಆಮೇಲೆ ಬಂತು ಅನ್ನುವುದೂ ನಿಜ. ಮೂರು ಟನ್ನಿನ ಉಪಗ್ರಹಗಳನ್ನು ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಕಾಲಕ್ಕೆ ಅವನ್ನು ಎತ್ತುವ ನಮ್ಮ ರಾಕೆಟ್ ಇರಲಿಲ್ಲ. ಹತ್ತಾರು ವರ್ಷ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾಕ್ಕೆ ವಿಮಾನದಲ್ಲಿ ಸಾಗಿಸಿ, ಏರಿಯಾನ್ ರಾಕೆಟ್ಟಿನಲ್ಲಿ ಕಳಿಸಬೇಕಾಯಿತು. ಎಲ್‌ವಿಎಂ-3 ಮೊದಲ ಸಲ ಸಂವಹನ ಉಪಗ್ರಹ ಹೊತ್ತು ಕಕ್ಷೆಗೆ ಹೋದದ್ದು 2017ರ ಜೂನ್ 5ರಂದು, ಜಿಸ್ಯಾಟ್-19 ಜೊತೆ.

ಈಗಲೂ ಹೊರಗಿನ ರಾಕೆಟ್ ಬೇಕಾ?

ತುಂಬಾ ಭಾರವಾದರೆ ಬೇಕು. 2024ರ ನವೆಂಬರಿನಲ್ಲಿ 4700 ಕೆಜಿಯ ಜಿಸ್ಯಾಟ್-ಎನ್2 ಅಮೆರಿಕದಿಂದ ಫಾಲ್ಕನ್-9ರಲ್ಲಿ ಹೋಯಿತು. ಒಂದು ವರ್ಷದ ಒಳಗೆ, 2025ರ ನವೆಂಬರ್ 2ರಂದು, ಸುಮಾರು 4400 ಕೆಜಿಯ ಸಿಎಂಎಸ್-03ನ್ನು ನಮ್ಮದೇ ಎಲ್‌ವಿಎಂ-3 ಶ್ರೀಹರಿಕೋಟಾದಿಂದ ಎತ್ತಿತು. ನಮ್ಮ ನೆಲದಿಂದ ಎತ್ತರದ ಕಕ್ಷೆಯ ದಾರಿಗೆ ಹೋದ ಅತಿ ಭಾರದ ಸಂವಹನ ಉಪಗ್ರಹ ಅದು. ಅಂತರ ಕಮ್ಮಿಯಾಗುತ್ತಿದೆ. ಆದರೆ ಐ-6ಕೆಗೆ ತಕ್ಕ ಎತ್ತು ನಮ್ಮ ಕೊಟ್ಟಿಗೆಯಲ್ಲಿ ಇನ್ನೂ ಇಲ್ಲ.

ಇಷ್ಟು ಟನ್ ತೂಕದಲ್ಲಿ ನಿಜವಾಗಿ ಕೆಲಸ ಮಾಡುವ ಸಾಮಾನು ಎಷ್ಟು?

ಕೇಳಿದರೆ ಬೇಜಾರಾಗುತ್ತದೆ. ಮಂಗಳಯಾನವನ್ನೇ ತೆಗೆದುಕೊಳ್ಳಿ. ಹೊರಡುವಾಗ 1337 ಕೆಜಿ. ಅದರಲ್ಲಿ 852 ಕೆಜಿ ಬರೀ ಇಂಧನ. ಐದು ವೈಜ್ಞಾನಿಕ ಉಪಕರಣಗಳ ಒಟ್ಟು ತೂಕ ಸುಮಾರು 15 ಕೆಜಿ! ಒಂದು ಗ್ಯಾಸ್ ಸಿಲಿಂಡರಿನ ಒಳಗಿನ ಗ್ಯಾಸಿನಷ್ಟು.

ಟಿವಿ ಉಪಗ್ರಹಗಳಲ್ಲಿ ಪಾಲು ಇಷ್ಟು ಕೆಟ್ಟದಾಗಿರುವುದಿಲ್ಲ. ಆದರೂ ಇಂಧನವೇ ದೊಡ್ಡ ಗಂಟು. ಕಾರಣ ಇಷ್ಟೇ: ರಾಕೆಟ್ ಉಪಗ್ರಹವನ್ನು ಪೂರ್ತಿ ಎತ್ತರಕ್ಕೆ ಬಿಡುವುದಿಲ್ಲ. ಉದ್ದನೆಯ ಮೊಟ್ಟೆಯಾಕಾರದ ದಾರಿಯಲ್ಲಿ ಬಿಟ್ಟರೆ ಅದರ ಕೆಲಸ ಮುಗಿಯಿತು. ಅಲ್ಲಿಂದ 35,786 ಕಿಮೀ ಎತ್ತರದ ದುಂಡನೆಯ ಕಕ್ಷೆಗೆ ಉಪಗ್ರಹ ತನ್ನ ಇಂಜಿನ್ ಉರಿಸಿ ತಾನೇ ಹತ್ತಬೇಕು. ಆ ಇಂಜಿನ್ನಿನ ಬಲ 440 ನ್ಯೂಟನ್. ನೆಲದ ಮೇಲೆ ಒಂದು ಸಿಮೆಂಟ್ ಮೂಟೆಯನ್ನೂ ಎತ್ತಲಾರದು. ಗಾಳಿಯಿಲ್ಲದ ಕಡೆ ಹೊತ್ತುಗಟ್ಟಲೆ ಉರಿದರೆ ಮೂರು ಟನ್ನನ್ನೂ ಮೇಲೆ ತಳ್ಳುತ್ತದೆ.

ಈ ಇಂಧನದ ಹೊರೆ ಇಳಿಸಲೆಂದೇ ವಿದ್ಯುತ್ ಇಂಜಿನ್ ಬಂದಿರುವುದು. ಅದಕ್ಕೆ ಇಂಧನ ತೀರಾ ಕಮ್ಮಿ ಸಾಕು. ಆದರೆ ತಳ್ಳುವ ಬಲವೂ ತೀರಾ ಕಮ್ಮಿ, ಹಾಗಾಗಿ ಮೇಲೆ ಹತ್ತಲು ತಿಂಗಳುಗಳು ಬೇಕು. ಜಿಸ್ಯಾಟ್-9ರಲ್ಲಿ ಇಸ್ರೋ ಇದನ್ನು ಸಣ್ಣ ಪ್ರಮಾಣದಲ್ಲಿ ಹಾಕಿ ನೋಡಿತು.

ಒಂದು ಟನ್ನಿಗಿಂತ ಚಿಕ್ಕವು ಇಲ್ಲವಾ?

ಇವೆ. ಐಎಂಎಸ್-1 ಅನ್ನುವ ಪುಟ್ಟ ಬಸ್ಸು 2008ರ ಏಪ್ರಿಲಿನಲ್ಲಿ ಮೊದಲ ಸಲ ಹೋಯಿತು, 83 ಕೆಜಿ. ಅದರ ಅಣ್ಣ ಐಎಂಎಸ್-2, ನಾನೂರು ಕೆಜಿ ದರ್ಜೆ. ಫ್ರಾನ್ಸ್ ಜೊತೆ ಸೇರಿ ಸಮುದ್ರದ ಮಟ್ಟ ಅಳೆಯಲು ಮಾಡಿದ ಸರಳ್, ಬಣ್ಣಗಳನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವ ಹೈಸಿಸ್, ವಿದ್ಯುತ್ಕಾಂತೀಯ ಅಲೆಗಳನ್ನು ಅಳೆಯುವ 2019ರ ಎಮಿಸ್ಯಾಟ್ ಇದರ ಮೇಲೆ ಬಂದವು. ಇವೆಲ್ಲ ಕೆಲವು ನೂರು ಕಿಮೀ ಎತ್ತರದಲ್ಲಿ ಸುತ್ತುವವು.

ಫೋಟೋ ತೆಗೆಯುವ ಉಪಗ್ರಹಗಳು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತವೆ?

ಅವು ಬೇರೆ ಮನೆತನ. 1988ರ ಮಾರ್ಚ್ 17ರಂದು ಸೋವಿಯತ್ ರಾಕೆಟ್ಟಿನಲ್ಲಿ ಹೋದ ಐಆರ್‌ಎಸ್-1ಎ ಆ ಮನೆತನದ ಹಿರಿಯಜ್ಜ. ಬೆಳೆ, ಕೆರೆ, ಕಾಡು ಲೆಕ್ಕ ಹಾಕುವ ರಿಸೋರ್ಸ್‌ಸ್ಯಾಟ್, ಸಮುದ್ರ ನೋಡುವ ಓಷನ್‌ಸ್ಯಾಟ್, ನಕ್ಷೆಗೆ ಕಾರ್ಟೋಸ್ಯಾಟ್, ಮೋಡ ಇದ್ದರೂ ರಾತ್ರಿಯಾದರೂ ನೋಡಬಲ್ಲ ರೇಡಾರಿನ ರಿಸ್ಯಾಟ್, ಎಲ್ಲ ಅದರ ಸಂತಾನ.

2019ರ ಕಾರ್ಟೋಸ್ಯಾಟ್-3 ಸುಮಾರು 25 ಸೆಂಟಿಮೀಟರ್ ವಿವರದ ಚಿತ್ರ ತೆಗೆಯಬಲ್ಲದು. ಅಂದರೆ ರಸ್ತೆಯಲ್ಲಿ ನಿಂತದ್ದು ಕಾರಾ ಲಾರಿಯಾ ಅಂತ ಆರಾಮಾಗಿ ಹೇಳಬಹುದು. ನಿಮ್ಮ ಮುಖ ಗುರುತು ಹಿಡಿಯುತ್ತದಾ ಎಂದು ಕೇಳುವವರಿದ್ದಾರೆ. ಇಲ್ಲ. ಮೇಲಿಂದ ನಿಮ್ಮ ತಲೆ ಅದಕ್ಕೆ ಒಂದು ಚುಕ್ಕಿ, ಅಷ್ಟೇ.

ಈ ನಡುವೆ ಮನೆತನಗಳು ಬೆರೆತಿವೆ. ನಾಸಾ ಜೊತೆ ಮಾಡಿದ ನಿಸಾರ್ 2025ರ ಜುಲೈ 30ರಂದು ಹೋಯಿತು. ಅದು ಭೂಮಿ ನೋಡುವ ರೇಡಾರ್ ಉಪಗ್ರಹ, ಆದರೆ ಕೂತಿರುವುದು ಟಿವಿ ಉಪಗ್ರಹಗಳ ಐ-3ಕೆ ಬಸ್ಸಿನ ಮೇಲೆ. ಹನ್ನೆರಡು ಮೀಟರ್ ಅಗಲ ಬಿಚ್ಚಿಕೊಳ್ಳುವ ಆಂಟೆನಾವನ್ನು ಅಮೆರಿಕದವರು ಕೊಟ್ಟರು, ಹೊರುವ ಬೆನ್ನು ಬೆಂಗಳೂರಿನದು.

ಸರ್ಕಾರಿ ಉಪಗ್ರಹ, ವಾಣಿಜ್ಯ ಉಪಗ್ರಹ ಅಂತ ಬೇರೆ ಬೇರೆ ಮಾಡುತ್ತಾರಾ?

ಇಂಜಿನಿಯರ್ ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ದುಡ್ಡು ಯಾರದು ಅನ್ನುವುದರಲ್ಲಿ.

ಮೊದಲೆಲ್ಲ ದಾರಿ ಒಂದೇ ಇತ್ತು. ಇಸ್ರೋ ಸರ್ಕಾರದ ದುಡ್ಡಿನಲ್ಲಿ ಉಪಗ್ರಹ ಮಾಡಿ ಹಾರಿಸುವುದು, ಆಮೇಲೆ ಅದರ ಟ್ರಾನ್ಸ್‌ಪಾಂಡರುಗಳನ್ನು ದೂರದರ್ಶನಕ್ಕೆ, ಬ್ಯಾಂಕುಗಳಿಗೆ, ಡಿಟಿಎಚ್ ಕಂಪನಿಗಳಿಗೆ ಹಂಚುವುದು. ಮನೆ ಕಟ್ಟಿ ಬಾಡಿಗೆಗೆ ಕೊಟ್ಟ ಹಾಗೆ. ಕೆಲವೊಮ್ಮೆ ಬಾಡಿಗೆದಾರರು ಹೆಚ್ಚು, ಮನೆ ಕಮ್ಮಿ. ಕೆಲವೊಮ್ಮೆ ಮನೆ ಖಾಲಿ.

2020ರಲ್ಲಿ ಬಾಹ್ಯಾಕಾಶ ಕ್ಷೇತ್ರದ ಸುಧಾರಣೆಯಾದ ಮೇಲೆ ಲೆಕ್ಕ ತಿರುಗಿತು. ಈಗ ಮೊದಲು ಬಾಡಿಗೆದಾರ ಸಿಗಬೇಕು, ಆಮೇಲೆ ಮನೆ. ಇದರ ಮೊದಲ ಉದಾಹರಣೆ ಜಿಸ್ಯಾಟ್-24. ತೂಕ 4180 ಕೆಜಿ, ಡಿಟಿಎಚ್‌ಗೆ ಬಳಸುವ ಕೆಯು ಬ್ಯಾಂಡ್ ಅಲೆಗಳ 24 ಟ್ರಾನ್ಸ್‌ಪಾಂಡರ್, 2022ರ ಜೂನಿನಲ್ಲಿ ಹಾರಿತು. ಇಡೀ ಉಪಗ್ರಹದ ಸಾಮರ್ಥ್ಯ ಟಾಟಾ ಪ್ಲೇಗೆ ಗುತ್ತಿಗೆ. ಎರಡನೆಯದು ಮೇಲೆ ಹೇಳಿದ ಜಿಸ್ಯಾಟ್-ಎನ್2. ಅದು ಟಿವಿಗಲ್ಲ, ಇಂಟರ್ನೆಟ್ಟಿಗೆ. 32 ಕಿರಣಗಳಲ್ಲಿ ದೇಶವನ್ನು ಹಂಚಿಕೊಂಡು ಒಟ್ಟು 48 ಜಿಬಿಪಿಎಸ್, ಅಂದರೆ ಸೆಕೆಂಡಿಗೆ 48 ಗಿಗಾಬಿಟ್ ಡೇಟಾ ಸಾಗಿಸುತ್ತದೆ. ಅದರಲ್ಲಿ ಎಂಟು ಕಿರಣ ಈಶಾನ್ಯ ರಾಜ್ಯಗಳಿಗೇ ಮೀಸಲು. ವಿಮಾನದಲ್ಲಿ ಕೂತವರಿಗೆ ಇಂಟರ್ನೆಟ್ ಕೊಡುವ ಕೆಲಸವೂ ಇದರದ್ದು.

ಸರ್ಕಾರದ ಇಲಾಖೆಗಳೂ ಈಗ ಗಿರಾಕಿಗಳೇ. 2024ರ ಫೆಬ್ರವರಿಯ ಇನ್ಸ್ಯಾಟ್-3ಡಿಎಸ್‌ಗೆ ಪೂರ್ತಿ ದುಡ್ಡು ಹಾಕಿದ್ದು ಭೂವಿಜ್ಞಾನ ಸಚಿವಾಲಯ. ಮಳೆ ಮುನ್ಸೂಚನೆ ಬೇಕಾದವರೇ ಉಪಗ್ರಹದ ಖರ್ಚು ಕೊಟ್ಟರು. ಸರಿಯಾದ ಕ್ರಮ ಅಂತಲೇ ನನಗನಿಸುತ್ತದೆ.

ಸೇನೆಯ ಉಪಗ್ರಹಗಳು?

ನೌಕಾಪಡೆಗೆ 2013ರ ಜಿಸ್ಯಾಟ್-7, ಈಗ ಅದರ ಜಾಗಕ್ಕೆ ಸಿಎಂಎಸ್-03. ವಾಯುಪಡೆಗೆ 2018ರ ಜಿಸ್ಯಾಟ್-7ಎ. ನಡುಕಡಲಿನಲ್ಲಿರುವ ಹಡಗಿಗೆ ಮೊಬೈಲ್ ಟವರ್ ಇಲ್ಲವಲ್ಲ, ಹಡಗು ಹಡಗಿನ ನಡುವೆ, ಹಡಗು ದಡದ ನಡುವೆ ಮಾತು ಸಾಗಿಸುವುದು ಇವುಗಳ ಕೆಲಸ. ಇದಕ್ಕಿಂತ ಒಳಗಿನ ವಿವರವನ್ನು ಅವರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಆಂಟ್ರಿಕ್ಸ್, ಎನ್‌ಎಸ್‌ಐಎಲ್, ಇನ್‌ಸ್ಪೇಸ್: ಯಾರು ಯಾರು?

ಎಲ್ಲರಿಗೂ ಗೊಂದಲ ಆಗುವ ಜಾಗ ಇದು. ಆಂಟ್ರಿಕ್ಸ್ 1992ರಲ್ಲಿ ಹುಟ್ಟಿದ, ಇಸ್ರೋದ ಹಳೆಯ ಮಾರಾಟ ಕಂಪನಿ. ಎನ್‌ಎಸ್‌ಐಎಲ್ ಅಂದರೆ ನ್ಯೂಸ್ಪೇಸ್ ಇಂಡಿಯಾ, 2019ರ ಮಾರ್ಚಿನಲ್ಲಿ ಹುಟ್ಟಿದ್ದು. ಇದೂ ಸರ್ಕಾರದ್ದೇ. ಜಿಸ್ಯಾಟ್-24ರಂಥ ವ್ಯಾಪಾರವೆಲ್ಲ ಈಗ ಇದರದ್ದು. ಕಕ್ಷೆಯಲ್ಲಿ ಆಗಲೇ ಓಡುತ್ತಿದ್ದ ಹತ್ತು ಸಂವಹನ ಉಪಗ್ರಹಗಳನ್ನೂ 2022ರಲ್ಲಿ ಕೇಂದ್ರ ಸಂಪುಟ ಇದಕ್ಕೆ ವಹಿಸಿತು. ಇನ್‌ಸ್ಪೇಸ್ ಮಾರುವುದೂ ಇಲ್ಲ, ಮಾಡುವುದೂ ಇಲ್ಲ. ಖಾಸಗಿಯವರಿಗೆ ಅನುಮತಿ ಕೊಡುವ, ದಾರಿ ಮಾಡಿಕೊಡುವ ಕಚೇರಿ. ಇರುವುದು ಅಹಮದಾಬಾದಿನಲ್ಲಿ.

ಹೊರದೇಶದವರು ಇಸ್ರೋದಿಂದ ಉಪಗ್ರಹ ಮಾಡಿಸಿಕೊಂಡಿದ್ದಾರಾ?

ಮಾಡಿಸಿಕೊಂಡಿದ್ದಾರೆ, ಆದರೆ ಕಮ್ಮಿ. ಯುರೋಪಿನ ಆಸ್ಟ್ರಿಯಂ ಕಂಪನಿಯ ಜೊತೆ ಪಾಲುದಾರಿಕೆಯಲ್ಲಿ ಎರಡು ಹೋದವು. ಬಸ್ಸು ನಮ್ಮದು, ಪೇಲೋಡ್ ಅವರದು.

ಮೊದಲನೆಯದು ಯೂಟೆಲ್‌ಸ್ಯಾಟ್‌ನ ಡಬ್ಲ್ಯೂ2ಎಂ. ಐ-3ಕೆ ಬಸ್ಸು, 2008ರ ಡಿಸೆಂಬರಿನಲ್ಲಿ ಹಾರಿತು. ಕೆಲವೇ ವಾರಗಳಲ್ಲಿ ಅದರ ವಿದ್ಯುತ್ ವ್ಯವಸ್ಥೆ ಕೈಕೊಟ್ಟಿತು. ಅಂದುಕೊಂಡ ಕೆಲಸಕ್ಕೆ ಅದು ಬರಲಿಲ್ಲ. ಮೊದಲ ದೊಡ್ಡ ಗಿರಾಕಿಯ ಮುಂದೆಯೇ ಹೀಗಾದದ್ದು ನಿಜಕ್ಕೂ ಪೆಟ್ಟು. ಎರಡನೆಯದು ಬ್ರಿಟನ್ನಿನ ಅವಾಂತಿ ಕಂಪನಿಯ ಹೈಲಾಸ್-1. ಐ-2ಕೆ ಬಸ್ಸು, 2010ರ ನವೆಂಬರ್. ಇದು ಚೆನ್ನಾಗಿ ಕೆಲಸ ಮಾಡಿತು.

ಆಮೇಲೆ ಆ ಸಾಲು ಮುಂದುವರಿಯಲಿಲ್ಲ. ದೇಶದ ಒಳಗಿನ ಬೇಡಿಕೆಯೇ ಕೈತುಂಬಾ ಇದ್ದದ್ದು ಒಂದು ಕಾರಣ ಅನ್ನುವುದು ನನ್ನ ಅಂದಾಜು.

ಒಂದೇ ಸಲ 104 ಉಪಗ್ರಹ ಹಾರಿಸಿದರಲ್ಲ, ಅವು ಇಸ್ರೋ ಮಾಡಿದ್ದಲ್ಲವಾ?

ಅಲ್ಲ! 2017ರ ಫೆಬ್ರವರಿ 15ರ ಆ ಹಾರಾಟದಲ್ಲಿ 101 ಹೊರದೇಶದವು. ನಮ್ಮವು ಮೂರೇ. ಅದರಲ್ಲಿ ಕಾರ್ಟೋಸ್ಯಾಟ್-2 ಸರಣಿಯದು ಒಂದೇ 714 ಕೆಜಿ. ನಾವು ಅಲ್ಲಿ ಮಾರಿದ್ದು ಟಿಕೆಟ್, ಬಸ್ಸನ್ನಲ್ಲ.

ಒಂದಕ್ಕೆ ಎಷ್ಟು ದುಡ್ಡು?

ದರಪಟ್ಟಿ ಇಲ್ಲ. ಪೇಲೋಡ್ ಏನು, ರಾಕೆಟ್ ಯಾವುದು, ವಿಮೆ ಎಷ್ಟು, ನೆಲದ ಮೇಲಿನ ಕೇಂದ್ರ ಕಟ್ಟಬೇಕಾ, ಎಲ್ಲ ಸೇರಿ ಒಪ್ಪಂದ ಆಗುತ್ತದೆ. ಅಂದಾಜಿಗೆ ಎರಡು ಅಂಕಿ ನೆನಪಿಡಬಹುದು. ದಕ್ಷಿಣ ಏಷ್ಯಾ ಉಪಗ್ರಹಕ್ಕೆ, ರಾಕೆಟ್ ಬಿಟ್ಟು, ಆಗ ಪತ್ರಿಕೆಗಳಲ್ಲಿ ಬಂದ ಲೆಕ್ಕ 235 ಕೋಟಿ ರೂಪಾಯಿ. ಮಂಗಳಯಾನದ ಇಡೀ ಯೋಜನೆಗೆ 450 ಕೋಟಿ.

ಇವನ್ನೆಲ್ಲ ಎಲ್ಲಿ ಮಾಡುತ್ತಾರೆ? ಒಂದೇ ಕಾರ್ಖಾನೆಯಾ?

ಅಡುಗೆ ಒಂದೇ ಮನೆಯಲ್ಲಿ, ಸಾಮಾನು ಊರೂರಿಂದ. ಪೇಲೋಡ್ ಹೆಚ್ಚಾಗಿ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರಿನಿಂದ ಬರುತ್ತದೆ. ಚಕ್ರ ಮತ್ತು ಉಪಗ್ರಹ ಎಷ್ಟು ತಿರುಗಿತು ಎಂದು ಅಳೆಯುವ ಗೈರೋ ತಿರುವನಂತಪುರದಿಂದ. ನಕ್ಷತ್ರ ನೋಡುವ ಸೆನ್ಸರು ಬೆಂಗಳೂರಿನದ್ದೇ. ಚೌಕಟ್ಟು ಎಚ್‌ಎಎಲ್‌ನಿಂದ. ಎಲ್ಲವನ್ನೂ ಕೂಡಿಸುವುದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ಮತ್ತು ಮಾರತ್ತಹಳ್ಳಿ ಕಡೆ ಇರುವ ಅದರ ಇನ್ನೊಂದು ಆವರಣ ಐಸೈಟ್.

ಶುರುವಾದದ್ದು ಮಾತ್ರ ಇಷ್ಟು ದೊಡ್ಡದಾಗಿ ಅಲ್ಲ. 1972ರಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಕೆಲವು ಶೆಡ್ಡುಗಳು, ಉಪಗ್ರಹವನ್ನೇ ನೋಡಿರದ ಹುಡುಗರು, ಅವರನ್ನು ನಡೆಸುತ್ತಿದ್ದ ಉಡುಪಿ ಹತ್ತಿರದ ಅದಮಾರಿನ ಉಡುಪಿ ರಾಮಚಂದ್ರ ರಾವ್. ಮೂರು ವರ್ಷದಲ್ಲಿ 360 ಕೆಜಿಯ ಆರ್ಯಭಟ ತಯಾರಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಅದರ ಸಂದೇಶ ಹಿಡಿಯಲು ಜಾಗ ಸಾಲದೆ ಒಂದು ಶೌಚಾಲಯವನ್ನೇ ಕೇಂದ್ರ ಮಾಡಿಕೊಂಡಿದ್ದರು ಎನ್ನುವ ಕಥೆ ಬಹಳ ಪ್ರಸಿದ್ಧ. ಐದನೇ ದಿನಕ್ಕೆ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ಆದರೂ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಬಂತು. ಕೇಂದ್ರಕ್ಕೆ ರಾವ್ ಅವರ ಹೆಸರಿಟ್ಟದ್ದು 2018ರ ಏಪ್ರಿಲಿನಲ್ಲಿ.

ಎತ್ತಿನ ಗಾಡಿಯ ಮೇಲೆ ಉಪಗ್ರಹ ಇಟ್ಟ ಫೋಟೋ ನಿಜವಾ? ಲಾರಿಗೆ ದುಡ್ಡಿರಲಿಲ್ಲವಾ?

ಫೋಟೋ ನಿಜ. ಬಡತನದ ಕಥೆ ಸುಳ್ಳು. ಅದು ಆ್ಯಪಲ್ ಉಪಗ್ರಹ, 1981. ಆಂಟೆನಾ ಪರೀಕ್ಷೆ ಮಾಡಬೇಕಿತ್ತು. ಸುತ್ತ ಲೋಹ ಇದ್ದರೆ ಸಿಗ್ನಲ್ ಅಳತೆ ಕೆಡುತ್ತದೆ. ಲಾರಿ ಅಂದರೆ ಮೈತುಂಬಾ ಲೋಹ. ಮರದ ಗಾಡಿ ಆದರೆ ಆ ತಕರಾರಿಲ್ಲ. ಬಯಲಿಗೆ ತಂದು ಪರೀಕ್ಷೆ ಮುಗಿಸಿದರು. ತಲೆ ಓಡಿಸಿದ್ದಕ್ಕೆ ಬಡತನದ ಪಟ್ಟ ಕಟ್ಟಿದರೆ ಹೇಗೆ, ಅಲ್ವಾ?

ಈಗ ಪರೀಕ್ಷೆ ಹೇಗೆ ಮಾಡುತ್ತಾರೆ?

ಮೇಲೆ ಹೋದ ಮೇಲೆ ಸ್ಕ್ರೂ ಬಿಗಿ ಮಾಡಲು ಆಗುವುದಿಲ್ಲ. ಹಾಗಾಗಿ ಕೆಳಗೇ ಗೋಳು ಹೊಯ್ದುಕೊಳ್ಳುತ್ತಾರೆ. ರಾಕೆಟ್ ಅಲ್ಲಾಡಿಸುವಂತೆ ಅಲ್ಲಾಡಿಸುತ್ತಾರೆ. ಹಾರುವಾಗಿನ ಸದ್ದನ್ನೇ ಕೋಣೆಯಲ್ಲಿ ಹುಟ್ಟಿಸಿ ಕಿವಿಗಡಚಿಕ್ಕುತ್ತಾರೆ. ಗಾಳಿ ತೆಗೆದ ದೊಡ್ಡ ಕೊಠಡಿಯಲ್ಲಿಟ್ಟು ಒಮ್ಮೆ ಕಾಯಿಸಿ ಒಮ್ಮೆ ಹೆಪ್ಪುಗಟ್ಟಿಸುತ್ತಾರೆ. ದಿನಗಟ್ಟಲೆ ನಡೆಯುವ ಈ ಕೊಠಡಿ ಪರೀಕ್ಷೆಯಲ್ಲೇ ಹೆಚ್ಚಿನ ಹುಳುಕು ಹೊರಬರುವುದು. ಸೌರ ಫಲಕ ಬಿಚ್ಚಿಕೊಳ್ಳುತ್ತದಾ ಎಂದು ನೋಡುವುದೂ ದೊಡ್ಡ ಕೆಲಸ. ತೂಕವಿಲ್ಲದ ಜಾಗಕ್ಕೆ ಮಾಡಿದ ಕೀಲುಗಳು ನೆಲದ ಮೇಲೆ ತಮ್ಮದೇ ಭಾರ ತಾಳಲಾರವು, ಮೇಲಿನಿಂದ ತೂಗುಹಾಕಿ ಬಿಚ್ಚಬೇಕು. ಆ್ಯಪಲ್‌ಗೆ ಕಕ್ಷೆಯಲ್ಲಿ ಒಂದು ಕಡೆಯ ಫಲಕ ಬಿಚ್ಚಿಕೊಳ್ಳಲೇ ಇಲ್ಲ. ಒಂದೇ ರೆಕ್ಕೆಯಲ್ಲಿ ಎರಡು ವರ್ಷದ ಮೇಲೆ ಕೆಲಸ ಮಾಡಿತು.

ಇಷ್ಟೆಲ್ಲ ಮಾಡಿಯೂ ಯಾಕೆ ಕೆಡುತ್ತವೆ?

ಕೆಡುತ್ತವೆ, ಮುಚ್ಚಿಡುವುದೇನಿಲ್ಲ. 2018ರ ಮಾರ್ಚಿನಲ್ಲಿ ಹೋದ ಜಿಸ್ಯಾಟ್-6ಎ ಎರಡನೇ ಸಲ ಇಂಜಿನ್ ಉರಿಸಿದ ಮೇಲೆ ಮಾತು ನಿಲ್ಲಿಸಿತು. ಆಗ ಜಿಸ್ಯಾಟ್-11 ಹಾರಲು ಗಯಾನಾ ತಲುಪಿಬಿಟ್ಟಿತ್ತು. ಅದನ್ನು ವಾಪಸ್ ಬೆಂಗಳೂರಿಗೆ ತರಿಸಿ ಮತ್ತೆ ಪರೀಕ್ಷೆ ಮಾಡಿದರು. ಆರು ಟನ್ ಹತ್ತಿರದ ಸಾಮಾನನ್ನು ಸಮುದ್ರ ದಾಟಿಸಿ ಹಿಂದಕ್ಕೆ ತರುವುದು ಹುಡುಗಾಟವಲ್ಲ. ಡಿಸೆಂಬರ್ 5ಕ್ಕೆ ಹಾರಿತು, ಕೆಲಸವನ್ನೂ ಮಾಡಿತು. ನನ್ನನ್ನು ಕೇಳಿದರೆ ಇಸ್ರೋ ಮಾಡಿದ ಒಳ್ಳೆಯ ತೀರ್ಮಾನಗಳಲ್ಲಿ ಅದೊಂದು.

ನಾವಿಕ್‌ಗೆ ಗಡಿಯಾರದ ಕಾಟ. ಹೊರಗಿನಿಂದ ತರಿಸಿದ ಪರಮಾಣು ಗಡಿಯಾರಗಳು ಮೊದಲ ಉಪಗ್ರಹದಲ್ಲಿ ಮೂರಕ್ಕೆ ಮೂರೂ ಕೈಕೊಟ್ಟವು. ಗಡಿಯಾರ ಕೆಟ್ಟ ಉಪಗ್ರಹ ದಾರಿ ಹೇಳಲಾರದು. ಬಸ್ಸು ಗಟ್ಟಿಯಾಗಿದ್ದರೂ ಪ್ರಯಾಣಿಕನಿಗೇ ಜ್ವರ. ಬದಲಿಗೆ ಕಳಿಸಿದ 1ಎಚ್ ಉಪಗ್ರಹ 2017ರ ಆಗಸ್ಟಿನಲ್ಲಿ ರಾಕೆಟ್ಟಿನ ಮುಸುಕು ಬಿಚ್ಚದೆ ಒಳಗೇ ಸಿಕ್ಕಿಕೊಂಡಿತು. ಕಡೆಗೆ 2023ರ ಮೇ 29ರಂದು ಹೋದ ಎನ್‌ವಿಎಸ್-01ರಲ್ಲಿ ನಮ್ಮದೇ ರುಬಿಡಿಯಂ ಗಡಿಯಾರ ಇತ್ತು. ಅದರ ತಮ್ಮ ಎನ್‌ವಿಎಸ್-02ಕ್ಕೆ 2025ರ ಜನವರಿಯಲ್ಲಿ ಗಡಿಯಾರದ ತೊಂದರೆ ಅಲ್ಲ, ಇಂಧನ ಉರಿಯಲು ಬೇಕಾದ ಆಕ್ಸಿಡೈಸರನ್ನು ಇಂಜಿನ್ನಿಗೆ ಬಿಡುವ ವಾಲ್ವ್ ತೆರೆಯಲಿಲ್ಲ. ಸೇರಬೇಕಾದ ಕಕ್ಷೆ ಸೇರಲಿಲ್ಲ.

ಖಾಸಗಿ ಕಂಪನಿಗಳು ಉಪಗ್ರಹ ಮಾಡಬಹುದಾ?

ಧಾರಾಳವಾಗಿ. ನಾವಿಕ್‌ನ 1ಎಚ್ ಮತ್ತು 1ಐ ಉಪಗ್ರಹಗಳ ಜೋಡಣೆಯಲ್ಲೇ ಬೆಂಗಳೂರಿನ ಆಲ್ಫಾ ಡಿಸೈನ್ ನೇತೃತ್ವದ ಕಂಪನಿಗಳ ಕೂಟ ಕೈಜೋಡಿಸಿತ್ತು. 2025ರ ಜನವರಿಯಲ್ಲಿ ಆಕಾಶದಲ್ಲಿ ಒಂದಕ್ಕೊಂದು ಕೂಡಿಕೊಂಡ ಸ್ಪೇಡೆಕ್ಸ್ ಜೋಡಿಯನ್ನು ಅನಂತ್ ಟೆಕ್ನಾಲಜೀಸ್ ಜೋಡಿಸಿತು. ಬೆಂಗಳೂರಿನ ಪಿಕ್ಸೆಲ್ ತನ್ನದೇ ಕ್ಯಾಮೆರಾ ಉಪಗ್ರಹಗಳನ್ನು ಹಾರಿಸಿದೆ. 2024ರಿಂದ ಉಪಗ್ರಹ ತಯಾರಿಕೆಯಲ್ಲಿ ಶೇ 74ರವರೆಗೆ ವಿದೇಶಿ ಬಂಡವಾಳಕ್ಕೆ ಮೊದಲೇ ಸರ್ಕಾರದ ಒಪ್ಪಿಗೆ ಬೇಕಿಲ್ಲ.

ಮಳೆ ಬಂದಾಗ ಡಿಶ್ ಸಿಗ್ನಲ್ ಹೋಗುವುದು ಉಪಗ್ರಹದ ತಪ್ಪಾ?

ಅಲ್ಲ, ಮಳೆಹನಿಯ ತಪ್ಪು. ಡಿಟಿಎಚ್‌ಗೆ ಬಳಸುವ ಕೆಯು ಬ್ಯಾಂಡಿನ ಅಲೆಗಳನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ. ಕೇಬಲ್‌ನವರ ಸಿ ಬ್ಯಾಂಡಿಗೆ ಈ ತೊಂದರೆ ಕಮ್ಮಿ, ಆದರೆ ಅದಕ್ಕೆ ದೊಡ್ಡ ಬುಟ್ಟಿಯಂಥ ಡಿಶ್ ಬೇಕು. ಚಿಕ್ಕ ಡಿಶ್ ಬೇಕು, ಮಳೆಯಲ್ಲೂ ಸೀರಿಯಲ್ ಬೇಕು ಅಂದರೆ ಆಗುವುದಿಲ್ಲ.

ಮೇಲೆ ಹೋದ ಮೇಲೆ ನೋಡಿಕೊಳ್ಳುವವರು ಯಾರು?

ಎತ್ತರದ ಕಕ್ಷೆಯವನ್ನು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುತ್ತದೆ. 1982ರಿಂದ ಇದೆ. ಭೋಪಾಲದಲ್ಲಿ ಇನ್ನೊಂದು ಇದೆ. ಹಾಸನದಲ್ಲಿ ಕೂತವರಿಗೆ ರಜೆ ಅನ್ನುವುದು ಸರದಿಯಲ್ಲಷ್ಟೇ. ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಮೆಲ್ಲಗೆ ಜಾರುತ್ತಲೇ ಇರುತ್ತದೆ, ಆಗಾಗ ಸರಿಪಡಿಸಬೇಕು. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ದಿನಕ್ಕೆ ಗರಿಷ್ಠ 72 ನಿಮಿಷ ಅದು ಭೂಮಿಯ ನೆರಳಿಗೆ ಬೀಳುತ್ತದೆ. ಆಗ ಬಿಸಿಲಿಲ್ಲ, ಬ್ಯಾಟರಿಯೇ ಗತಿ.

ಸೆಕೆಂಡ್ ಹ್ಯಾಂಡ್ ಉಪಗ್ರಹ ಸಿಗುತ್ತದಾ?

ಸುಮ್ನೆ ತಮಾಷೆಗೆ ಕೇಳಿದ್ದಿರಬಹುದು, ಆದರೆ ಉತ್ತರ ಹೌದು. 1997ರಲ್ಲಿ ಇನ್ಸ್ಯಾಟ್-2ಡಿ ಹಾರಿದ ಕೆಲವೇ ತಿಂಗಳಲ್ಲಿ ಕೆಟ್ಟಿತು. ಹೊಸದು ಕಟ್ಟುವವರೆಗೆ ಕಾಯಲು ಆಗುತ್ತಿರಲಿಲ್ಲ. ಆಗಲೇ ಮೇಲಿದ್ದ ಅರಬ್‌ಸ್ಯಾಟ್-1ಸಿ ಅನ್ನು ಕೊಂಡು, ಇನ್ಸ್ಯಾಟ್-2ಡಿಟಿ ಎಂದು ಹೆಸರು ಬದಲಿಸಿ ಬಳಸಿದರು.

ಎಷ್ಟು ವರ್ಷ ಬಾಳುತ್ತವೆ? ಆಮೇಲೆ ಏನಾಗುತ್ತದೆ?

ಈಗಿನ ದೊಡ್ಡ ಸಂವಹನ ಉಪಗ್ರಹಗಳಿಗೆ 15 ವರ್ಷದ ಲೆಕ್ಕ ಹಾಕುತ್ತಾರೆ. ಯಂತ್ರ ಇನ್ನೂ ಚೆನ್ನಾಗಿದ್ದರೂ ಇಂಧನ ಮುಗಿದರೆ ಕಥೆ ಮುಗಿಯಿತು. ಅದಕ್ಕೇ ಕೊನೆಯ ಚೂರು ಇಂಧನ ಉಳಿಸಿಕೊಂಡು, ಆ ಇಂಧನದಲ್ಲೇ ಇನ್ನೂರು ಮುನ್ನೂರು ಕಿಮೀ ಮೇಲಕ್ಕೆ ತಳ್ಳಿ, ಬೇರೆಯವರ ದಾರಿಗೆ ಅಡ್ಡ ಬಾರದಂತೆ ಬಿಟ್ಟು ಸ್ವಿಚ್ ಆಫ್ ಮಾಡುತ್ತಾರೆ.

ಕೆಳಗಿನ ಕಕ್ಷೆಯವು ಭೂಮಿಗೇ ಬರಬೇಕು. 2007ರ ಜನವರಿಯಲ್ಲಿ ಹೋದ ಕಾರ್ಟೋಸ್ಯಾಟ್-2 ಅನ್ನು ಹಾಗೇ ಬಿಟ್ಟಿದ್ದರೆ ತಾನಾಗಿ ಬೀಳಲು ಸುಮಾರು ಮೂವತ್ತು ವರ್ಷ ಹಿಡಿಯುತ್ತಿತ್ತು. ಉಳಿದಿದ್ದ ಇಂಧನ ಉರಿಸಿ ಮೊದಲೇ ಕೆಳಗಿಳಿಸಿದರು. 2024ರ ಫೆಬ್ರವರಿ 14ರ ಮಧ್ಯಾಹ್ನ ಅದು ಹಿಂದೂ ಮಹಾಸಾಗರದ ಮೇಲೆ ಗಾಳಿಗೆ ಉಜ್ಜಿ ಉರಿದುಹೋಯಿತು.